ಮೋರೇರ ಗುಡ್ಡದ ಹಾದಿ: ರಿಪೇರಿ ಸಾಕಾ, ರಸ್ತೆಯೇ ಬೇಕಾ?

ಗುಡ್ಡದ ಬುಡ:
ಎಲ್ಲರಿಗೂ ನಮಸ್ಕಾರ. ನಮ್ಮದು ಹಿರೇಬೆಣಕಲ್. ಗಂಗಾವತಿಯಿಂದ ಸುಮಾರು 10 ಕಿಲೋಮೀಟರ್. ನಮ್ಮ ಗುಡ್ಡದ ಮೇಲೆ ಮೋರೇರ ಮನೆಗಳು ಅಂತ ಜನ ಕರೆಯುವ, ಬಹಳ ಹಳೇ ಕಾಲದ ಕಲ್ಲಿನ ರಚನೆಗಳಿರುವುದು ನಿಮ್ಮಲ್ಲಿ ಬಹಳ ಜನರಿಗೆ ಗೊತ್ತಿರಬೇಕು. ಕಲ್ಲು ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಮನೆಗಳು. ಮೊಣಕಾಲೆತ್ತರದವೂ ಇವೆ, ಆಳೆತ್ತರ ಮೀರಿದವೂ ಇವೆ. ನಾವು ಹುಡುಗರಿದ್ದಾಗ ಅಲ್ಲಿಗೆ ಹೋಗುತ್ತಿದ್ದದ್ದು ಸೀತಾಫಲಕ್ಕೆ. ಈಗ ಬೆಂಗಳೂರು, ಹೈದರಾಬಾದ್ ಕಡೆಯಿಂದ ಜನ ಬರುತ್ತಾರೆ. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಹೆಸರು ಸೇರಿದ ಮೇಲೆ ಇನ್ನೂ ಜಾಸ್ತಿ.

ಹಾದಿ ಮಾತ್ರ ಅದೇ ಹಾದಿ. ಬುಡದಿಂದ ಮೇಲಕ್ಕೆ ಒಂದು ಗಂಟೆ. ಮೊದಲು ಮಣ್ಣು, ಆಮೇಲೆ ಬಂಡೆ, ನಡುನಡುವೆ ಜಾಲಿ. ಒಂದು ಕಡೆ ಮಳೆ ನೀರು ಕೊರೆದು ಕೊರೆದು ಹಾದಿಯೇ ಕಾಲುವೆ ಆಗಿದೆ. ಅದರೊಳಗೆ ನಿಂತರೆ ನನ್ನ ಮೊಣಕಾಲು ಮುಳುಗುತ್ತದೆ. ಜನ ಅದನ್ನು ತಪ್ಪಿಸಿ ಪಕ್ಕದಲ್ಲಿ ನಡೆಯುತ್ತಾರೆ. ಪಕ್ಕದ್ದೂ ಕೊರೆಯುತ್ತದೆ. ಈಗ ಅಲ್ಲಿ ಮೂರು ಹಾದಿ. ಯಾವುದು ಗುಡ್ಡದ್ದು, ಯಾವುದು ಹಳ್ಳದ್ದು ಅಂತ ಹೊಸಬರಿಗೆ ತಿಳಿಯುವುದಿಲ್ಲ.

ಊರಲ್ಲಿ ಮಾತು ಶುರುವಾಗಿದೆ. ಇದನ್ನು ಪಾರಂಪರಿಕ ಹಾದಿ ಅಂತ ಮಾಡಬೇಕು, ಎಲ್ಲರಿಗೂ ಅನುಕೂಲ ಆಗಬೇಕು ಅಂತ. ‘ಎಲ್ಲರಿಗೂ’ ಅಂದರೆ ಯಾರಿಗೆ ಅನ್ನುವಲ್ಲೇ ಜಗಳ. ಒಬ್ಬರು ಸಿಸಿ ರಸ್ತೆ ಅಂತಾರೆ, ಇನ್ನೊಬ್ಬರು ಮೆಟ್ಟಿಲು ಮತ್ತು ಕಬ್ಬಿಣದ ಕೈಪಿಡಿ ಅಂತಾರೆ, ಮತ್ತೊಬ್ಬರು ಏನೂ ಮುಟ್ಟಬೇಡಿ ಅಂತಾರೆ. ಗ್ರಾಮಸಭೆಗೆ ಮುಂಚೆ ನಾಲ್ಕು ಜನರ ಮಾತು ಕೇಳೋಣ ಅಂತ ಇಲ್ಲಿ ಹಾಕಿದ್ದೇನೆ.

ಡಬಲ್ ರೋಡ್:
ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ರಸ್ತೆ ಬೇಕು. ಅಂಜನಾದ್ರಿ ನೋಡಿ. 575 ಮೆಟ್ಟಿಲು. ಮೆಟ್ಟಿಲಿದೆ ಅಂತಲೇ ಜನ ಹತ್ತುತ್ತಾರೆ. ಕೆಳಗೆ ಎಳನೀರು, ಮಂಡಕ್ಕಿ, ಮಿರ್ಚಿ, ಹೂವು, ಕಾಯಿ. ಎಷ್ಟು ಮನೆಗಳ ಒಲೆ ಉರಿಯುತ್ತಿದೆ! ನಮ್ಮ ಕಡೆ ಏನಿದೆ? ಬಂದವರು ಗಂಗಾವತಿಯಲ್ಲಿ ತಿಂಡಿ ತಿಂದು, ನಮ್ಮ ಗುಡ್ಡ ಹತ್ತಿ, ಹೊಸಪೇಟೆಗೆ ಹೋಗಿ ಮಲಗುತ್ತಾರೆ. ಊರಿಗೆ ಉಳಿಯುವುದು ಖಾಲಿ ನೀರಿನ ಬಾಟಲಿ.

ಇನ್ನೊಂದು ಮಾತು. ನಮ್ಮ ಅಜ್ಜಿಗೆ 78. ಹುಟ್ಟಿದ್ದು ಇದೇ ಊರಲ್ಲಿ. ಮಂಡಿ ನೋವು ಶುರುವಾದ ಮೇಲೆ ಮೇಲೆ ಹೋಗೇ ಇಲ್ಲ. ಬೈಕ್ ಹೋಗುವಷ್ಟು ದಾರಿ ಆದರೆ ಕೂರಿಸಿಕೊಂಡು ಹೋಗಿ ತೋರಿಸಬಹುದು. ಪರಂಪರೆ ಪರಂಪರೆ ಅಂತೀರಿ, ಅದು ಬರೀ ಗಟ್ಟಿ ಕಾಲು ಇದ್ದವರದ್ದಾ?

ಇತಿಹಾಸ ಮೇಷ್ಟ್ರು:
ಅಜ್ಜಿಯ ಮಾತು ನಿಜಕ್ಕೂ ತೂಕದ್ದು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಮೇಲೆ ಏನಿದೆ ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಯಾಕಂದರೆ ನಮ್ಮ ಶಾಲೆಯ ಮಕ್ಕಳಿಗೇ ಅದು ಪೂರ್ತಿ ಗೊತ್ತಿಲ್ಲ.

ಸುಮಾರು 20 ಹೆಕ್ಟೇರ್ ಜಾಗದಲ್ಲಿ ನಾನೂರರಷ್ಟು ಶಿಲಾ ರಚನೆಗಳಿವೆ. ಕಬ್ಬಿಣ ಯುಗದವು. ಎರಡು ಸಾವಿರದಿಂದ ಎರಡು ಸಾವಿರದ ಎಂಟುನೂರು ವರ್ಷ ಹಳೆಯವು ಅಂತ ಲೆಕ್ಕ. ಕೆಲವು ಮನೆಗಳ ಗೋಡೆ ಚಪ್ಪಡಿಯಲ್ಲಿ ದುಂಡಗೆ ಕಿಂಡಿ ಕೊರೆದಿದ್ದಾರೆ. ಮೊದಲ ಸಲ ನೋಡಿದವರು ಕಿಟಕಿ ಅಂತಾರೆ. ಚಪ್ಪಡಿ ಎಲ್ಲಿಂದಲೋ ಹೊತ್ತು ತಂದದ್ದಲ್ಲ. ಅಲ್ಲೇ ಹಾಸುಬಂಡೆಯಿಂದ ಎಬ್ಬಿಸಿದ್ದು. ಎಬ್ಬಿಸಿದ ಗುಳಿಯಲ್ಲಿ ನೀರು ನಿಂತು ಹೊಂಡ ಆಗಿದೆ. ನಮ್ಮ ಕುರಿಗಳು ಇವತ್ತು ನೀರು ಕುಡಿಯುವುದು ಅದೇ ಹೊಂಡದಲ್ಲಿ.

ನಗಾರಿ ಕಲ್ಲು ಇದೆಯಲ್ಲ, ದೊಡ್ಡ ಗುಂಡಿನ ತಲೆಯ ಮೇಲೆ ಬೋರಲು ಬಟ್ಟಲಿನ ಹಾಗೆ ಕೂತಿರುವ ಕಲ್ಲು, ಬಡಿದರೆ ದೂರದವರೆಗೆ ಕೇಳಿಸುತ್ತದೆ. ಬಂದವರೆಲ್ಲ ಕಲ್ಲು ತಗೊಂಡು ಬಡಿಯುತ್ತಾರೆ. ದಯವಿಟ್ಟು ಬಡಿಯಬೇಡಿ. ಒಬ್ಬ ಒಂದು ಏಟು ಹೊಡೆದರೆ ಏನೂ ಆಗಲ್ಲ. ಭಾನುವಾರಕ್ಕೆ ನೂರು ಜನ ಬಂದು ನೂರು ಏಟು ಹೊಡೆದರೆ? ಇದರ ಜೊತೆಗೆ ಕಲ್ಲಾಸರೆಗಳಲ್ಲಿ, ಅಂದರೆ ಚಾಚಿದ ಬಂಡೆಯ ಕೆಳಗಿನ ನೆರಳಿನ ಜಾಗಗಳಲ್ಲಿ, ಕೆಂಪು ಬಣ್ಣದ ಚಿತ್ರಗಳಿವೆ.

‘ಮೋರೇರು’ ಅಂದರೆ ಮೌರ್ಯರೇ ಅಂತ ಕೆಲವರು ವಾದ ಮಾಡುತ್ತಾರೆ. ಕೊಪ್ಪಳದ ಗವಿಮಠದಲ್ಲಿ, ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನ ಇರುವುದರಿಂದ ಹಾಗೆ ಅನ್ನಿಸುವುದು ಸಹಜ. ಆದರೆ ಇಂಥ ಮನೆ ಕಟ್ಟುವ ಪದ್ಧತಿ ಅಶೋಕನಿಗಿಂತ ಮುಂಚಿನಿಂದಲೇ ಇತ್ತು. ನಮ್ಮ ಹಿರಿಯರ ಪ್ರಕಾರ ಮೋರೇರು ಮೂರಡಿ ಎತ್ತರದ ಜನ. ಬೆಂಕಿಯ ಮಳೆ ಬರುತ್ತದೆ ಅಂತ ಹೆದರಿ ಕಲ್ಲಿನ ಮನೆ ಕಟ್ಟಿಕೊಂಡರು. ಪಾಠದಲ್ಲಿ ಕಬ್ಬಿಣ ಯುಗದ ಮಾತನ್ನು ಹೇಳುತ್ತೇನೆ. ಮಕ್ಕಳು ನೆನಪಿಟ್ಟುಕೊಳ್ಳುವುದು ಈ ಮೂರಡಿ ಜನರ ಕಥೆಯನ್ನು.

ಈಗ ರಸ್ತೆಯ ವಿಷಯ. ಇದು ಕೇಂದ್ರ ಪುರಾತತ್ವ ಇಲಾಖೆ ರಕ್ಷಣೆಯ ಜಾಗ. 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ ಪ್ರಕಾರ ರಕ್ಷಿತ ಜಾಗದ ಗಡಿಯಿಂದ 100 ಮೀಟರ್ ನಿಷೇಧಿತ, ಅದರಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ. ಸಿಸಿ ರಸ್ತೆ ಅಲ್ಲಿವರೆಗೆ ಬಂದು ಸುಮ್ನೆ ನಿಲ್ಲುತ್ತದಾ? ನಿಲ್ಲಲ್ಲ. ರಸ್ತೆ ತುದಿಯಲ್ಲಿ ನಿಲ್ಲಿಸಿದ ಬೈಕು ‘ಇನ್ನೊಂದು ಸ್ವಲ್ಪ’ ಅಂತ ಮುಂದೆ ಹೋಗುತ್ತದೆ.

ಕುರಿಮಂದೆ:
ಮೇಷ್ಟ್ರೇ, ಹೊಂಡದ ಮಾತು ಎತ್ತಿದ್ದು ಒಳ್ಳೇದಾಯ್ತು. ಇಲ್ಲಾಂದ್ರೆ ಈ ಚರ್ಚೆಯಲ್ಲಿ ಕುರಿ ಬರ್ತಾನೇ ಇರಲಿಲ್ಲ.

ನಮ್ಮ ಮನೆಯಲ್ಲಿ ಈಗ 140 ಕುರಿ. ದಿನಾ ಬೆಳಗ್ಗೆ ಏಳಕ್ಕೆ ಆ ಹಾದಿಯಲ್ಲೇ ಏರ್ತವೆ, ಸಂಜೆ ಇಳೀತವೆ. ನಮ್ಮಪ್ಪನೂ ಅದೇ ಮಾಡಿದ್ದು, ಅವರಪ್ಪನೂ ಅದೇ. ಪ್ರವಾಸಿಗರು ಬರೋದು ಭಾನುವಾರ. ನಾವು ವಾರದಲ್ಲಿ ಏಳೂ ದಿನ. ಹಾದಿ ಯಾರದು ಅಂತ ನಾನು ಜಗಳ ಮಾಡಲ್ಲ. ಆದ್ರೆ ಲೆಕ್ಕಕ್ಕೆ ನಮ್ಮನ್ನೂ ತಗೊಳ್ಳಿ.

ಸಿಮೆಂಟ್ ಹಾಕಿದ್ರೆ ಏನಾಗುತ್ತೆ ಹೇಳ್ತೀನಿ. ಏಪ್ರಿಲ್, ಮೇನಲ್ಲಿ ಸಂಜೆ ನಾಲ್ಕಕ್ಕೂ ಅದರ ಮೇಲೆ ಕಾಲಿಡೋಕೆ ಆಗಲ್ಲ. ಮಳೆಗಾಲದಲ್ಲಿ ಪಾಚಿ ಕಟ್ಟಿ ಗೊರಸು ಜಾರುತ್ತೆ. ಗಬ್ಬದ ಕುರಿ ಜಾರಿ ಬಿದ್ರೆ ಎರಡು ಜೀವ. ಕಬ್ಬಿಣದ ಕೈಪಿಡಿ ಎರಡೂ ಕಡೆ ಹಾಕಿದ್ರೆ ಮಂದೆ ನಡುವೆ ಸಿಕ್ಕಿಕೊಳ್ಳುತ್ತೆ. ಎದುರಿಗೆ ನಾಯಿ ಬಂದ್ರೆ, ಚಿರತೆ ವಾಸನೆ ಬಂದ್ರೆ, ಹೊರಗೆ ಹಾರೋಕೆ ಜಾಗ ಇರಲ್ಲ.

ಇನ್ನೊಂದು. ಕುರಿ ಯಾವತ್ತೂ ನೆಟ್ಟಗೆ ಏರಲ್ಲ. ಓರೆಯಾಗಿ ಹೋಗಿ, ತಿರುಗಿ, ಮತ್ತೆ ಓರೆಯಾಗಿ ಏರುತ್ತೆ. ನೆಟ್ಟಗೆ ಏರೋರು ಪ್ಯಾಂಟು ಹಾಕಿದವರು. ಗುಡ್ಡದ ಬುಡದವರು ಹೇಳಿದ ಆ ಕಾಲುವೆ ಇದೆಯಲ್ಲ, ಅದು ನೆಟ್ಟಗೆ ಇದೆ. ಅದು ನಮ್ಮ ಹಾದಿ ಅಲ್ಲ, ಅಡ್ಡದಾರಿ. ಹಳೇ ಹಾದಿ ಅದರ ಎಡಕ್ಕೆ ಇತ್ತು, ಜಾಲಿ ಬೆಳೆದು ಮುಚ್ಚಿದೆ. ಬನ್ನಿ, ತೋರಿಸ್ತೀನಿ.

ಗುಡ್ಡದ ಬುಡ:
ಅಣ್ಣಾ, ಇದು ನನಗೆ ಗೊತ್ತೇ ಇರಲಿಲ್ಲ! ನಾನು 15 ವರ್ಷದಿಂದ ಆ ಕಾಲುವೆಯನ್ನೇ ಹಾದಿ ಅಂದುಕೊಂಡು ಓಡಾಡಿದ್ದೇನೆ.

ನಕಾಶೆ:
ನಾನು ಮೂವತ್ತೆರಡು ವರ್ಷ ಜಮೀನು ಅಳೆಯುವ ಸರ್ವೆ ಸರಪಳಿ ಎಳೆದವನು. ನಿವೃತ್ತಿ ಆಗಿದೆ. ಒಂದು ವಿಷಯ ಯಾರೂ ಕೇಳಲಿಲ್ಲ. ಹಾದಿ ಕಾಗದದಲ್ಲಿ ಇದೆಯಾ?

ಗ್ರಾಮ ನಕಾಶೆ ತೆಗೆಸಿ. ಬಂಡಿ ದಾರಿ ಇದ್ದರೆ ಜೋಡಿ ಚುಕ್ಕಿ ಗೆರೆ ಇರುತ್ತದೆ. ಕಾಲುದಾರಿ ಇದ್ದರೆ ಒಂಟಿ ಚುಕ್ಕಿ ಗೆರೆ. ಬುಡದಲ್ಲಿ ಹಾದಿ ಎರಡು ಮೂರು ಹೊಲಗಳ ಬದುವಿನ ಮೇಲೆ ಹೋಗುತ್ತದೆ ಅಲ್ವಾ? ಆ ಸರ್ವೆ ನಂಬರುಗಳ ಪಹಣಿಯಲ್ಲಿ ಖರಾಬು ನೋಡಿ. ‘ಬ’ ಖರಾಬು ಅಂತ ಇದ್ದರೆ ಅದು ದಾರಿ, ಹಳ್ಳದಂಥ ಸಾರ್ವಜನಿಕ ಉಪಯೋಗದ ಜಾಗ, ಯಾರೂ ಉತ್ತು ಬಿತ್ತುವ ಹಾಗಿಲ್ಲ. ‘ಅ’ ಖರಾಬು ಬೇರೆ. ಅದು ಸಾಗುವಳಿಗೆ ಬಾರದ ಕಲ್ಲುಮೊರಡಿ ಅಷ್ಟೇ.

ನಕಾಶೆಯಲ್ಲಿ ಗೆರೆ ಇಲ್ಲದಿದ್ದರೂ ಕಥೆ ಮುಗಿಯಲ್ಲ. 1882ರ ಈಸ್‌ಮೆಂಟ್ ಕಾಯ್ದೆ ಇದೆ. ಖಾಸಗಿ ಹೊಲದಲ್ಲಿ 20 ವರ್ಷ ತಡೆಯಿಲ್ಲದೆ, ಬಹಿರಂಗವಾಗಿ, ಹಕ್ಕಿನಿಂದ ಓಡಾಡಿದ್ದರೆ ದಾರಿಯ ಹಕ್ಕು ಕೇಳಬಹುದು. ಆದರೆ ಅದು ಕೋರ್ಟಿನ ಮೆಟ್ಟಿಲು. ಮೂರು ಪಟ್ಟು ಸುಲಭದ ಕೆಲಸ ಹೇಳುತ್ತೇನೆ. ಆ ಹೊಲದವರ ಮನೆಗೆ ಈಗಲೇ ಹೋಗಿ ಚಹಾ ಕುಡಿದು ಬನ್ನಿ. ನಾನು ನೋಡಿದ ದಾರಿ ಜಗಳಗಳಲ್ಲಿ ಅರ್ಧಕ್ಕರ್ಧ ಶುರುವಾಗಿದ್ದು ‘ನನ್ನನ್ನು ಒಂದು ಮಾತು ಕೇಳಲಿಲ್ಲ’ ಅನ್ನುವುದರಿಂದ. ದಾರಿ ಬಿಡಲ್ಲ ಅಂತ ಯಾರೂ ಶುರು ಮಾಡಲ್ಲ.

ಡಬಲ್ ರೋಡ್:
ಆ ಮೂರು ಹೊಲದಲ್ಲಿ ಒಂದು ನಮ್ಮ ಚಿಕ್ಕಪ್ಪಂದು. ಚಹಾಕ್ಕೆ ಬರುವುದಾದರೆ ಸಕ್ಕರೆ ಕಡಿಮೆ ಹಾಕಲು ಹೇಳಿ, ಅವರ ಮನೆಯ ಚಹಾ ಪಾಯಸ.

ಲೀಡ್ಸ್ ಕನ್ನಡಿಗ:
ಸಿಂಧನೂರು ಕಡೆಯವನು, ಒಂಬತ್ತು ವರ್ಷದಿಂದ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇನೆ. ನಕಾಶೆಯವರ ಮಾತು ಓದಿ ಬರೆಯಬೇಕು ಅನ್ನಿಸಿತು. ಇಲ್ಲಿಯೂ ಹಾಗೇ. ಪ್ರತಿ ಕೌಂಟಿಯಲ್ಲೂ ದಾರಿಗಳ ಒಂದು ಅಧಿಕೃತ ನಕಾಶೆ ಇಟ್ಟಿರುತ್ತಾರೆ. ಅದರಲ್ಲಿ ಗೆರೆ ಇದ್ದರೆ ಮುಗೀತು. ಹೊಲ ಯಾರದೇ ಆಗಿರಲಿ, ನಡೆಯುವ ಹಕ್ಕು ಎಲ್ಲರದು. ನಾನು ವಾರಕ್ಕೊಮ್ಮೆ ಯಾರದೋ ಗೋಧಿ ಹೊಲದ ನಡುವೆ ನಡೆದು ಹೋಗುತ್ತೇನೆ. ಮೊದಮೊದಲು ಕಳ್ಳನ ಹಾಗೆ ಅನ್ನಿಸುತ್ತಿತ್ತು.

ಹಂಚಿಕೊಂಡು ಬಳಸುವ ಹಾದಿಗೆ ಇಲ್ಲಿ ಒಂದು ಸರಳ ನಿಯಮ ಇದೆ. ಕುದುರೆ ಹೋಗುವ ಹಾದಿಯಲ್ಲಿ ಸೈಕಲ್ಲಿಗೂ ಅವಕಾಶ ಉಂಟು, 1968ರಿಂದ. ಆದರೆ ಸೈಕಲ್ಲಿನವನು ನಡೆಯುವವರಿಗೂ ಕುದುರೆಯವರಿಗೂ ದಾರಿ ಬಿಡಲೇಬೇಕು. ಅಂದರೆ ಹಾದಿ ಎಲ್ಲರದಾದರೂ ಮೊದಲು ಯಾರು ಅನ್ನುವುದು ಗೊತ್ತಿದೆ. ನೀವೂ ಹಾಗೆ ಬರೆದಿಟ್ಟರೆ ಹೇಗೆ? ಮೊದಲು ಮಂದೆ, ಆಮೇಲೆ ನಡೆಯುವವರು. ಮೋಟಾರು ಇಲ್ಲವೇ ಇಲ್ಲ.

ಇನ್ನು ಕೊರೆತ. 1965ರಲ್ಲಿ ಶುರುವಾದ ಪೆನ್ನೈನ್ ವೇ ಅಂತ ಉದ್ದನೆಯ ಕಾಲುಹಾದಿ ಇದೆ, 400 ಕಿಲೋಮೀಟರಿಗೂ ಜಾಸ್ತಿ. ಜನ ನಡೆದೂ ನಡೆದೂ ಜೌಗು ನೆಲ ಕೆಸರುಗದ್ದೆ ಆಯಿತು. ನಿಮ್ಮಲ್ಲಿ ಆದ ಹಾಗೇ ಹಾದಿ ಅಗಲ ಆಗುತ್ತಾ ಹೋಯಿತು. ಕೊನೆಗೆ ಮುಚ್ಚಿಹೋದ ಹಳೇ ಬಟ್ಟೆ ಗಿರಣಿಗಳ ನೆಲದ ಕಲ್ಲು ಚಪ್ಪಡಿ ತಂದು ಒಂದರ ಹಿಂದೊಂದು ಹಾಸಿದರು. ರಸ್ತೆ ಇಲ್ಲದ ಕಡೆ ಹೆಲಿಕಾಪ್ಟರಿನಲ್ಲಿ ಕಲ್ಲು ಸಾಗಿಸಿದರು. ಒಬ್ಬರು ನಡೆಯುವಷ್ಟೇ ಅಗಲ. ಜನ ತಾವಾಗಿಯೇ ಅದರ ಮೇಲೆ ನಡೆಯುತ್ತಾರೆ, ಬೇಲಿ ಬೇಕಿಲ್ಲ.

ಕಲ್ಲು ಕೆಲಸ:
ಹೆಲಿಕಾಪ್ಟರ್! ನಮ್ಮಲ್ಲಿ ಟ್ರ್ಯಾಕ್ಟರ್ ಬಾಡಿಗೆಗೆ ಪಂಚಾಯಿತಿ ಬಿಲ್ ಆಗೋಕೆ ಎಂಟು ತಿಂಗಳು.

ತಮಾಷೆ ಬಿಡಿ. ಕಲ್ಲು ಹಾಸೋದು ಸರಿ, ಆದರೆ ಎಲ್ಲಾ ಕಡೆ ಬೇಡ. ಬಂಡೆ ಮೇಲೆ ಹಾದಿ ಇರೋ ಕಡೆ ಏನು ಹಾಸ್ತೀರಿ? ದೇವರು ಹಾಸಿಟ್ಟಿದ್ದಾನೆ. ಮಣ್ಣಿರೋ ಕಡೆ ಮಾತ್ರ ಕೆಲಸ. ಅಲ್ಲಿ ಶತ್ರು ಕಾಲಲ್ಲ, ನೀರು. ನೀರು ಹಾದಿಗೆ ಇಳಿದ್ರೆ ಹಾದಿ ಹಿಡ್ಕೊಂಡೇ ಓಡುತ್ತೆ, ಬಿಡಲ್ಲ. ಅದನ್ನ ಹತ್ತು ಹದಿನೈದು ಹೆಜ್ಜೆಗೊಂದು ಕಡೆ ಹೊರಗೆ ಹಾಕಬೇಕು. ಕೆರೆಗೆ ಕೋಡಿ ಇರುತ್ತಲ್ಲ, ಹಾಗೆ. ಹಾದಿಗೂ ಕೋಡಿ ಬೇಕು.

ಮಾಡೋದು ಹೀಗೆ. ಉದ್ದನೆ ಕಲ್ಲುಗಳನ್ನ ಹಾದಿಗೆ ಅಡ್ಡ ಇಡಬೇಕು, ಆದರೆ ನೆಟ್ಟಗೆ ಅಡ್ಡ ಅಲ್ಲ, ಓರೆ. ಮುಕ್ಕಾಲು ಪಾಲು ನೆಲದೊಳಗೆ ಇರಲಿ, ಕಾಲು ಪಾಲು ಮೇಲೆ. ಇಳಿಜಾರಿನ ಕಡೆಯ ತುದಿಯಲ್ಲಿ ಸಣ್ಣ ಕಲ್ಲು ತುಂಬಿ ನೀರು ಬೀಳೋ ಜಾಗ ಗಟ್ಟಿ ಮಾಡಬೇಕು, ಇಲ್ಲಾಂದ್ರೆ ಅಲ್ಲೊಂದು ಗುಂಡಿ ಆಗುತ್ತೆ. ಮೆಟ್ಟಿಲು ಬೇಕಾದ ಕಡೆ ಕೆಳಗಿನ ಕಲ್ಲಿನ ಹಿಂಬದಿ ಮೇಲೆ ಮೇಲಿನ ಕಲ್ಲು ನಾಲ್ಕು ಬೆರಳು ಕೂರಬೇಕು. ಒಂದರ ಭಾರ ಒಂದು ಹಿಡ್ಕೊಳ್ಳುತ್ತೆ. ಸಿಮೆಂಟ್ ಬೇಡವೇ ಬೇಡ. ಸಿಮೆಂಟ್ ಬಿರುಕು ಬಿಟ್ರೆ ಕಿತ್ತು ಹೊಸದು ಮಾಡಬೇಕು. ಕಲ್ಲು ಅಲ್ಲಾಡಿದ್ರೆ ಹಾರೆಯಲ್ಲಿ ಮೀಟಿ ಕೂರಿಸಿದ್ರೆ ಆಯ್ತು. ಕವಲೇದುರ್ಗದಲ್ಲಿ ಕೆಳದಿ ನಾಯಕರ ಕಾಲದ ಹಾಸುಗಲ್ಲು ನೋಡಿ ಬಂದಿದ್ದೀನಿ, ಆ ಮಲೆನಾಡಿನ ಮಳೆಗೂ ಜಗ್ಗಿಲ್ಲ.

ಒಂದೇ ಷರತ್ತು. ಗುಡ್ಡದ ಮೇಲಿನ ಒಂದು ಕಲ್ಲನ್ನೂ ಮುಟ್ಟಬಾರದು. ಕೆಳಗೆ ಹೊಲ ಹಸನು ಮಾಡಿ ಬದುವಿಗೆ ಹಾಕಿದ ಕಲ್ಲು ಬೇಕಾದಷ್ಟಿದೆ.

ರೊಟ್ಟಿ ಬುಟ್ಟಿ:
ಗಂಡಸರೆಲ್ಲ ಕಲ್ಲು, ನೀರು, ಕಾಗದ ಅಂತ ಚೆನ್ನಾಗಿ ಮಾತಾಡಿದಿರಿ. ಶೌಚಾಲಯದ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ ನೋಡಿ!

ಹೋದ ವರ್ಷ ನಮ್ಮ ಸಂಘದ ಹನ್ನೊಂದು ಹೆಂಗಸರು ಬಸ್ ಮಾಡಿಕೊಂಡು ಒಂದು ಹೆಸರಾಂತ ಜಾಗಕ್ಕೆ ಹೋಗಿದ್ದೆವು. ಹೆಸರು ಬೇಡ. ಹಾದಿ ಚಂದ, ಬೋರ್ಡು ಚಂದ, ಕೂರಲು ಕಲ್ಲುಬೆಂಚು. ಶೌಚಾಲಯಕ್ಕೆ ಬೀಗ. ಕೀಲಿ ಯಾರ ಹತ್ತಿರ ಅಂದರೆ ಅವರು ಊಟಕ್ಕೆ ಹೋಗಿದ್ದಾರೆ. ಒಂದೂವರೆ ಗಂಟೆ. ಅಲ್ಲಿ ಏನು ನೋಡಿದೆವು ಅಂತ ಇವತ್ತು ಯಾರನ್ನು ಕೇಳಿದರೂ ಆ ಬೀಗದ ಕಥೆಯನ್ನೇ ಹೇಳುತ್ತಾರೆ.

ಬುಡದಲ್ಲಿ ಎರಡು ಕೋಣೆ ಇರಲಿ. ನೀರಿರಲಿ. ಕೀಲಿ ನಮ್ಮ ಸಂಘಕ್ಕೆ ಕೊಡಿ. ಅಲ್ಲೇ ಪಕ್ಕದಲ್ಲಿ ನಾವು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ ಮಾರುತ್ತೇವೆ. ಡಬಲ್ ರೋಡ್ ತಮ್ಮಾ, ನೀನು ಕೇಳಿದ ವ್ಯಾಪಾರ ಇದೇ ಅಲ್ವಾ? ಇದಕ್ಕೆ ಗುಡ್ಡದ ಮೇಲೆ ರಸ್ತೆ ಬೇಕಾ? ಇನ್ನೂ ಹೇಳಬೇಕೆಂದರೆ, ಬೈಕಲ್ಲಿ ಹತ್ತು ನಿಮಿಷಕ್ಕೆ ಹೋಗಿ ಬಂದವನಿಗೆ ಹಸಿವಾಗಲ್ಲ. ಎರಡು ಗಂಟೆ ಹತ್ತಿ ಇಳಿದವನು ನಾಲ್ಕು ರೊಟ್ಟಿ ತಿಂತಾನೆ.

ಡಬಲ್ ರೋಡ್:
ಅಕ್ಕಾ, ನಾಲ್ಕು ರೊಟ್ಟಿ ಲೆಕ್ಕಕ್ಕೆ ನಾನು ಸೋತೆ.

ಇತಿಹಾಸ ಮೇಷ್ಟ್ರು:
ಅಕ್ಕಾರ ಮಾತಿಗೆ ಕಾಯ್ದೆಯ ಬೆಂಬಲವೂ ಇದೆ. ಆ ಕಾಯ್ದೆಯಲ್ಲಿ ‘ನಿರ್ಮಾಣ’ ಅಂದರೇನು ಅಂತ ಹೇಳುವಾಗ ಚರಂಡಿ, ಸಾರ್ವಜನಿಕ ಶೌಚಾಲಯ, ಜನರಿಗೆ ನೀರು ಕೊಡುವ ಕೆಲಸ ಇವುಗಳನ್ನು ಹೊರಗಿಟ್ಟಿದ್ದಾರೆ. ಬುಡವಂತೂ ಸ್ಮಾರಕಗಳಿಂದ ಬಹಳ ದೂರ. ಆದರೂ ಇಲಾಖೆಗೆ ಒಂದು ಪತ್ರ ಬರೆದು, ನಕ್ಷೆ ಇಟ್ಟು, ಒಪ್ಪಿಗೆ ಪಡೆದೇ ಶುರು ಮಾಡೋಣ. ಆಮೇಲೆ ಯಾರೋ ಬಂದು ಫೋಟೋ ತೆಗೆದು ‘ಸ್ಮಾರಕದ ಹತ್ತಿರ ಅಗೆಯುತ್ತಿದ್ದಾರೆ’ ಅಂತ ಹಾಕಿದರೆ ಉತ್ತರ ಕೊಡುವ ಕಾಗದ ಕೈಯಲ್ಲಿರಬೇಕು. ನಿಧಿಗೆ ಅಂತ ಅಗೆದು ಮನೆಗಳನ್ನು ಕೆಡವಿದವರಿಂದ ಮೊದಲೇ ಹಾನಿ ಆಗಿದೆ. ನಮಗೂ ಅವರಿಗೂ ವ್ಯತ್ಯಾಸ ಕಾಣಬೇಕು.

ಇನ್ನೊಂದು ಬಾಕಿ ಇದೆ. ಬಂಡೆಗಳ ಮೇಲೆ ಯಾರೋ ಬಿಳಿ ಬಣ್ಣದಲ್ಲಿ ಬಾಣದ ಗುರುತು ಬರೆದಿದ್ದಾರೆ. ಒಂದು ಬಾಣವಂತೂ ಚಿತ್ರ ಇರುವ ಕಲ್ಲಾಸರೆಗೆ ಹತ್ತು ಹೆಜ್ಜೆ ದೂರದಲ್ಲಿದೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಯಾರ ಕೆಲಸವೋ!

ಭಾನುವಾರದ ಚಾರಣ:
ಮೇಷ್ಟ್ರೇ, ಎರಡು ದಿನದಿಂದ ಬರೆಯಲೋ ಬೇಡವೋ ಅಂತ ಯೋಚನೆ ಮಾಡಿ ಬರೆಯುತ್ತಿದ್ದೇನೆ. ಅದು ನನ್ನ ಕೆಲಸ.

ಆರು ವರ್ಷದ ಹಿಂದೆ ನಾವು ನಾಲ್ಕು ಜನ ಬಂದಿದ್ದೆವು. ಇಳಿಯುವಾಗ ದಾರಿ ತಪ್ಪಿತು. ಕತ್ತಲಾಯಿತು. ಮೊಬೈಲ್ ಬೆಳಕಲ್ಲಿ ಬಂಡೆ ಬಂಡೆ ಹಾರಿ ಇಳಿದೆವು. ಒಬ್ಬನ ಕಾಲು ಉಳುಕಿತು. ದೂರದಲ್ಲಿ ಏನೋ ಗುರ್ ಅಂದ ಹಾಗಾಗಿ ಎಲ್ಲರಿಗೂ ಕರಡಿಯ ನೆನಪಾಯಿತು. ಇನ್ಯಾರಿಗೂ ಹೀಗಾಗಬಾರದು ಅಂತ ಮುಂದಿನ ತಿಂಗಳು ಒಂದು ಡಬ್ಬಿ ಬಣ್ಣ ತಂದು ಹದಿನಾಲ್ಕು ಬಾಣ ಬರೆದೆ. ಒಳ್ಳೇ ಕೆಲಸ ಮಾಡಿದೆ ಅಂದುಕೊಂಡಿದ್ದೆ. ಫೋಟೋ ಹಾಕಿದಾಗ ಲೈಕು ಕೂಡ ಬಂತು. ಚಿತ್ರ ಇರುವ ಕಲ್ಲಾಸರೆ ಪಕ್ಕದಲ್ಲೇ ಇದೆ ಅಂತ ನನಗೆ ಆಗ ಗೊತ್ತೇ ಇರಲಿಲ್ಲ.

ಅಳಿಸುವುದು ಹೇಗೆ ಹೇಳಿ. ತಿನ್ನರ್, ತಂತಿ ಬ್ರಷ್ ತಗೊಂಡು ಬರುತ್ತೇನೆ.

ಇತಿಹಾಸ ಮೇಷ್ಟ್ರು:
ಬೇಡ ಬೇಡ! ತಿನ್ನರ್ ತರಬೇಡಿ, ತಂತಿ ಬ್ರಷ್ ಮುಟ್ಟಲೇಬೇಡಿ. ಬಣ್ಣಕ್ಕಿಂತ ಉಜ್ಜುವುದೇ ಜಾಸ್ತಿ ಹಾನಿ. ಹದಿನಾಲ್ಕೂ ಎಲ್ಲೆಲ್ಲಿವೆ ಅಂತ ಪಟ್ಟಿ ಮಾಡಿ ಕೊಡಿ. ಇಲಾಖೆಯ ಪತ್ರದಲ್ಲೇ ಸೇರಿಸುತ್ತೇನೆ. ಹೇಗೆ ತೆಗೆಯಬೇಕು ಅಂತ ಅದನ್ನು ಬಲ್ಲವರು ಹೇಳಲಿ.

ಹೊಟ್ಟೆ ಉರಿಯುತ್ತದೆ ಅಂದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಒಪ್ಪಿಕೊಂಡು ಬರೆದದ್ದು ದೊಡ್ಡ ವಿಷಯ.

ಲೀಡ್ಸ್ ಕನ್ನಡಿಗ:
ಬಾಣದ ಬದಲು ಅಲ್ಲಲ್ಲಿ ಕಲ್ಲು ಪೇರಿಸಿ ಗುಡ್ಡೆ ಮಾಡಿದರೆ ಹೇಗೆ? ಇಲ್ಲಿಯ ಗುಡ್ಡಗಳಲ್ಲಿ ದಾರಿ ತೋರಿಸಲು ಹಾಗೇ ಮಾಡುತ್ತಾರೆ. ಬಣ್ಣವೂ ಬೇಕಿಲ್ಲ.

ಕಲ್ಲು ಕೆಲಸ:
ಅಲ್ಲಿ ಸರಿ ಇರಬಹುದು. ಇಲ್ಲಿ ಬೇಡ ಸಾರ್. ನಮ್ಮ ಗುಡ್ಡದ ಮೇಲೆ ಪೇರಿಸಿದ ಕಲ್ಲೇ ಸ್ಮಾರಕ. ನೀವು ಇವತ್ತು ನಾಲ್ಕು ಕಲ್ಲು ಪೇರಿಸಿದ್ರೆ ನಾಳೆ ಬಂದವರು ಅದಕ್ಕೆ ಇನ್ನೆರಡು ಇಡ್ತಾರೆ. ಕಲ್ಲು ಎಲ್ಲಿಂದ ತರ್ತಾರೆ? ಪಕ್ಕದ ಮೋರೇರ ಮನೆಯಿಂದ. ಹತ್ತು ವರ್ಷ ಆದ ಮೇಲೆ ಯಾವುದು ಹಳೇದು, ಯಾವುದು ಸೆಲ್ಫಿದು ಅಂತ ಹೇಳೋಕೆ ಯಾರಿಗೂ ಆಗಲ್ಲ.

ಲೀಡ್ಸ್ ಕನ್ನಡಿಗ:
ಒಪ್ಪಿದೆ. ಇದು ನನಗೆ ಹೊಳೆದೇ ಇರಲಿಲ್ಲ.

ನಕಾಶೆ:
ಗುರುತಿಗೆ ಗಡಿಕಲ್ಲಿನಂಥ ಕಲ್ಲು ಸಾಕು. ಮೊಣಕಾಲೆತ್ತರ, ಚೌಕ, ಒಂದು ಮುಖದಲ್ಲಿ ಬಾಣ ಕೊರೆದದ್ದು. ಎಲ್ಲಿ ಹಾದಿ ಕವಲೊಡೆಯುತ್ತದೋ ಅಲ್ಲಿ ಮಾತ್ರ ನೆಡಿ. ಅದೂ ಕೆಳಗಿನ ಭಾಗದಲ್ಲಿ, ರಕ್ಷಿತ ಜಾಗದ ಗಡಿಯಿಂದ ದೂರ. ಐದೋ ಆರೋ ಆಗಬಹುದು. ಮೇಲೆ ಬಯಲು ತಲುಪಿದ ಮೇಲೆ ಗುರುತು ಯಾಕೆ? ಎಲ್ಲಿ ನೋಡಿದರೂ ಅದೇ ಇದೆ.

ಡಬಲ್ ರೋಡ್:
ನನ್ನ ಅಜ್ಜಿಯ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ‘ಆಮೇಲೆ ಬರುತ್ತೇನೆ’ ಅಂದ ಮೇಷ್ಟ್ರು ಬರಲೇ ಇಲ್ಲ.

ಇತಿಹಾಸ ಮೇಷ್ಟ್ರು:
ಸಿಕ್ಕಿಬಿದ್ದೆ. ಪ್ರಾಮಾಣಿಕವಾಗಿ ಹೇಳುತ್ತೇನೆ, ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ. ಮಂಡಿ ನೋವಿನವರನ್ನು ಬೈಕಿಲ್ಲದೆ ಮೇಲೆ ಕರೆದೊಯ್ಯುವುದು ಹೇಗೆ ಅಂತ ನನಗೆ ತಿಳಿಯದು. ಆದರೆ ಬುಡದಿಂದ ಮೊದಲ ದೊಡ್ಡ ಹಾಸುಬಂಡೆಯವರೆಗೆ ಏರು ಕಡಿಮೆ. ಅಲ್ಲಿವರೆಗೆ ಹಾದಿಯನ್ನು ಸಮ ಮಾಡಿ, ನಡುನಡುವೆ ಕೂರಲು ಕಲ್ಲು ಹಾಕಿದರೆ ಕೋಲು ಹಿಡಿದವರೂ ನಿಧಾನಕ್ಕೆ ಬರಬಹುದು. ಅಲ್ಲಿಂದ ಒಂದು ಕಡೆ ಗದ್ದೆಗಳ ಹಸಿರು, ಇನ್ನೊಂದು ಕಡೆ ಸಾಲು ಗುಡ್ಡ. ಮೋರೇರ ಮನೆ ಅಲ್ಲಿಂದ ಕಾಣಲ್ಲ, ಅದು ನಿಜ. ಅದಕ್ಕೆ ಇದು ಸಮ ಅಂತ ನಾನು ಹೇಳಲ್ಲ.

ಕುರಿಮಂದೆ:
ಡೋಲಿ ಇದೆಯಲ್ರೀ. ನಾಲ್ಕು ಜನ ಹೊತ್ರೆ ಆಯ್ತು. ಅಜ್ಜಿ ಎಷ್ಟು ತೂಕ?

ಡಬಲ್ ರೋಡ್:
ಕೇಳಿದೆ. ‘ಹೆಣ ಹೊತ್ತ ಹಾಗೆ ಹೊರ್ತೀರೇನ್ರೋ’ ಅಂತ ಬೈದಳು. ಹಾಸುಬಂಡೆವರೆಗೆ ನಡೆದೇ ಬರ್ತಾಳಂತೆ. ಅಲ್ಲಿ ಹುಣಸೆ ಮರ ಇನ್ನೂ ಇದೆಯಾ ಅಂತ ಕೇಳಿದಳು. ಯಾರಿಗಾದ್ರೂ ಗೊತ್ತಾ?

ಕುರಿಮಂದೆ:
ಇದೆ. ಒಂದು ಕೊಂಬೆ ಮುರಿದಿದೆ.

ಗುಡ್ಡದ ಬುಡ:
ಎಲ್ಲರಿಗೂ ಸುದ್ದಿ. ನಿನ್ನೆ ಕುರಿಮಂದೆ ಅಣ್ಣನ ಜೊತೆ ನಾವು ಆರು ಜನ ಹಾದಿ ನೋಡಿ ಬಂದೆವು. ಕಲ್ಲು ಕೆಲಸದವರೂ, ನಕಾಶೆ ಸಾಹೇಬರೂ ಇದ್ದರು. ಸಾಹೇಬರಿಗೆ ವಯಸ್ಸು 66, ಎಲ್ಲರಿಗಿಂತ ಮುಂದೆ ಹತ್ತಿದರು.

ಹಳೇ ಹಾದಿ ಸಿಕ್ಕಿತು. ಕಾಲುವೆ ಇರುವ ಜಾಗದಿಂದ ಎಡಕ್ಕೆ ಜಾಲಿ ಸರಿಸಿ ಒಳಗೆ ಹೋದರೆ ಬಂಡೆಯ ಮೇಲೆ ನುಣ್ಣಗೆ ಸವೆದ ಪಟ್ಟಿ. ಒಂದು ಗೇಣು ಅಗಲ. ಕೈ ಆಡಿಸಿದರೆ ಅಕ್ಕಪಕ್ಕದ ಕಲ್ಲು ಒರಟು, ಆ ಪಟ್ಟಿ ಮಾತ್ರ ಮನೆಯ ಹೊಸ್ತಿಲಿನ ಹಾಗೆ ನಯ. ಎಷ್ಟು ಗೊರಸು, ಎಷ್ಟು ಪಾದ ಹೋಗಿರಬೇಕು! ಮೇಷ್ಟ್ರು ಅಲ್ಲೇ ಕೂತುಬಿಟ್ಟರು. ಅದು ಓರೆಯಾಗಿ ಹೋಗಿ ಎರಡು ಸಲ ತಿರುಗಿ ಮೇಲಿನ ಹಾದಿ ಸೇರುತ್ತದೆ. ಏರಿದ್ದು ಗೊತ್ತೇ ಆಗಲ್ಲ. ನಾನು ಹೆಜ್ಜೆ ಎಣಿಸಿದೆ. ಕಾಲುವೆ ದಾರಿ 90 ಹೆಜ್ಜೆ, ಹಳೇ ಹಾದಿ 210. ಉಸಿರು ಮಾತ್ರ 90ರಲ್ಲೇ ಜಾಸ್ತಿ ಹೋಗುತ್ತದೆ.

ಹಾಗಾಗಿ ಹೊಸ ಹಾದಿ ಬೇಕಿಲ್ಲ. ಹಳೇದನ್ನು ಬಿಡಿಸಬೇಕು, ಅಡ್ಡದಾರಿಯನ್ನು ಮುಳ್ಳು ಹಾಕಿ ಮುಚ್ಚಬೇಕು. ಕೆಳಗೆ ಮಣ್ಣಿರುವ ಕಡೆ ಏಳು ಕೋಡಿ ಕಲ್ಲು, ಎರಡು ಕಡೆ ನಾಲ್ಕೈದು ಮೆಟ್ಟಿಲು. ಅಷ್ಟೇ ಕೆಲಸ. ಇಷ್ಟಕ್ಕಾ ನಾವು ಮೂರು ತಿಂಗಳಿಂದ ಕಟ್ಟೆ ಮೇಲೆ ಜಗಳ ಆಡಿದ್ದು?

ನಕಾಶೆಯಲ್ಲಿ ಒಂಟಿ ಚುಕ್ಕಿ ಗೆರೆ ಇದೆ. ಎರಡು ಹೊಲದವರು ಒಪ್ಪಿದ್ದಾರೆ. ಮೂರನೆಯವರ ಮನೆಯಲ್ಲಿ ಪಾಯಸ ಕುಡಿದಾಯಿತು, ‘ಬೈಕ್ ಬರಲ್ಲ ಅಂತ ಬರೆದು ಕೊಡಿ’ ಅಂದಿದ್ದಾರೆ. ಡಬಲ್ ರೋಡ್, ನಿಮ್ಮ ಚಿಕ್ಕಪ್ಪನೇ!

ಗಾಡಿ ನಿಲ್ಲಿಸುವ ಜಾಗ ಮಾತ್ರ ಬಗೆಹರಿದಿಲ್ಲ. ಶಾಲೆ ಮೈದಾನ ಅಂದರೆ ಮೇಷ್ಟ್ರು ಒಪ್ಪಲ್ಲ, ಊರ ಮುಂದಿನ ಬಯಲು ಅಂದರೆ ಅದು ಕಣ, ಸುಗ್ಗಿಯಲ್ಲಿ ಬೇಕು. ಅದು ಗ್ರಾಮಸಭೆಗೆ ಬಿಟ್ಟದ್ದು. ಇಲಾಖೆಗೆ ಪತ್ರ ಹೋಗಿದೆ. ಉತ್ತರ ಬರುವವರೆಗೆ ಗುಡ್ಡದ ಮೇಲೆ ಹಾರೆ ಎತ್ತುವುದಿಲ್ಲ. ಈ ಭಾನುವಾರ ಬುಡದ ಹೊಲಗಳ ಬದುವಿನಲ್ಲಿ ಜಾಲಿ ಕಡಿಯುವುದು ಮಾತ್ರ. ಬೆಳಗ್ಗೆ ಆರೂವರೆಗೆ. ಕೊಡಲಿ ಮೂರಿವೆ, ಇನ್ನೆರಡು ಬೇಕು. ಮುಳ್ಳಿಗೆ ಗಟ್ಟಿ ಚಪ್ಪಲಿ ಹಾಕಿಕೊಂಡು ಬನ್ನಿ.

ಭಾನುವಾರದ ಚಾರಣ:
ಶನಿವಾರ ರಾತ್ರಿ ಬಸ್ಸಿಗೆ ಹೊರಡುತ್ತೇನೆ. ಬಣ್ಣದ ಡಬ್ಬಿ ತರಲ್ಲ.

ರೊಟ್ಟಿ ಬುಟ್ಟಿ:
ಎಷ್ಟು ಜನ ಅಂತ ಶನಿವಾರ ಸಂಜೆಯೊಳಗೆ ಹೇಳಿ. ಹಿಟ್ಟು ನಾದಬೇಕು.

ಕುರಿಮಂದೆ:
ಆರೂವರೆ ಬೇಡ್ರಿ. ಏಳಕ್ಕೆ ನಮ್ಮ ಮಂದೆ ಅದೇ ಬದುವಿನ ಮೇಲೆ ಬರುತ್ತೆ. ಕಡಿದ ಮುಳ್ಳು ಹಾದಿಯಲ್ಲಿ ಬಿದ್ದಿದ್ರೆ ಕುರಿ ಕಾಲಿಗೆ ಚುಚ್ಚುತ್ತೆ. ಅವು ಏರಿದ ಮೇಲೆ, ಎಂಟಕ್ಕೆ ಶುರು ಮಾಡಿ. ಒಂದು ಕೊಡಲಿ ನಂದು.